ಉಸಿರು ತೆಗೆದುಕೊಳ್ಳುವ ಜಾಗ

ನ್ಯೂ ಆರ್ಲಿಯನ್ಸ್
7 ನವೆಂಬರ್ 1965, ಭಾನುವಾರ

ಪ್ರೀತಿಯ ತಮ್ಮ ಎವರಿಸ್ಟ್,

ನೀನು ರೈಲು ಹತ್ತಿ ಇವತ್ತಿಗೆ ಮೂರು ವಾರ. ಕ್ಯಾಲಿಫೋರ್ನಿಯಾ ತಲುಪಿದೆ ಎಂದು ಒಂದು ಸಾಲು ಬರೆಯಲು ನಿನ್ನ ಕೈಗೆ ಏನು ಬಂದಿದೆ? ಕ್ಲಾರಿನೆಟ್ಟಿನ ಮೇಲೆ ಅಷ್ಟು ಚುರುಕಾಗಿ ಓಡುವ ಬೆರಳುಗಳು ಪೆನ್ನು ಕಂಡರೆ ಮುದುಡಿಕೊಳ್ಳುತ್ತವೆಯೇ?

ನಿನ್ನೆ ಬ್ರೆಡ್ಡಿನಂಗಡಿಯ ಲುಬಾನ್ ಮುದುಕನನ್ನು ಮಣ್ಣು ಮಾಡಿದರು. ಅಕಿಲ್ ಮೊರೋನ ಬ್ಯಾಂಡು. ಚರ್ಚಿನಿಂದ ಸ್ಮಶಾನದವರೆಗೆ, ಅಲ್ಲಿಂದ ವಾಪಸು ಕ್ಲೇಬೋರ್ನ್ ರಸ್ತೆಯ ಓಕ್ ಮರಗಳ ತನಕ ನಾನು ಬ್ಯಾಂಡಿನ ಹಿಂದೆಯೇ ನಡೆದೆ. ಅಕಿಲ್‌ನ ಟ್ರಂಪೆಟ್ ಇನ್ನೂ ಗಟ್ಟಿಯಾಗಿದೆ. ಆದರೆ ನಿನ್ನ ಜಾಗದಲ್ಲಿ ಯಾರೋ ಹೊಸಬ. ಶವದ ಹಿಂದೆ ನಿಧಾನದ ಪ್ರಾರ್ಥನಾಗೀತೆ ನುಡಿಸುವಾಗ ಒಂದು ಬಿಡುವೂ ಉಳಿಯದ ಹಾಗೆ ಎಲ್ಲೆಲ್ಲೂ ಸ್ವರ ತುರುಕಿದ. ಮೂಲೆಯಲ್ಲಿ ಅಕಿಲ್‌ನನ್ನು ಹಿಡಿದು ನಿಲ್ಲಿಸಿದೆ.

"ಏನಯ್ಯಾ ಅಕಿಲ್, ಸತ್ತೋನು ಎದ್ದು ಓಡ್ಲಿ ಅಂತ ಕರ್ಕೊಂಡು ಬಂದಿದೀಯಾ ಇವನನ್ನ?"

"ಸುಮ್ನಿರು ಮಾರಾಯ್ತಿ. ತಮ್ಮನ್ನ ರೈಲು ಹತ್ಸಿ ಕಳ್ಸಿದ್ದು ನೀನು, ಲೆಕ್ಕ ಕೇಳೋದು ನನ್ನನ್ನಾ?"

ಎಲ್ಲರೂ ನಕ್ಕರು. ಅವನು ಹೇಳಿದ್ದು ನಿಜ. ಸೆಪ್ಟೆಂಬರಿನ ಬಿರುಗಾಳಿಯಲ್ಲಿ ನಿನ್ನ ಮನೆ ಸೂರಿನವರೆಗೆ ಮುಳುಗಿದ ಮೇಲೆ ನೀನು ನನ್ನ ಮೆಟ್ಟಿಲ ಮೇಲೆ ಗೋಡೆ ನೋಡುತ್ತ ಕೂತುಬಿಟ್ಟಿದ್ದೆ. ಟಿಕೆಟ್ಟು ಕೊಂಡು ಜನ ಸುತ್ತಾಡುವ ಆ ಮೋಜಿನ ತೋಟದವರು ಕೆಲಸಕ್ಕೆ ಕರೆದು ಕಾಗದ ಬರೆದಾಗ ನಿನ್ನ ಪೆಟ್ಟಿಗೆ ಕಟ್ಟಿದವಳು ನಾನೇ. ನಮ್ಮ ಸಂಗೀತವನ್ನು ದಿನಾ ಸಾವಿರಾರು ಜನ ಕೂತು ಕೇಳುತ್ತಾರಂತೆ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದೇನೆ. ಒಂದೇ ವರ್ಷದ ಮಾತು. ಮಹಡಿಯ ಕೋಣೆ ನಿನ್ನದೇ. ಹಾಸಿಗೆ ಬಿಸಿಲಿಗೆ ಹಾಕಿಟ್ಟಿದ್ದೇನೆ.

ಹೊಸ ಬೂಟು ಕಚ್ಚಿ ಎಡಗಾಲಿನಲ್ಲಿ ಸಣ್ಣ ಗಾಯವಾಗಿದೆ. ನಮ್ಮ ತೀರಿಹೋದ ತಂಗಿ ಜೋಸೆಫೀನಳ ಮಗಳು ವರ್ನಾ ಬಂದು ರೇಗಾಡಿದಳು: "ಸಕ್ಕರೆ ಕಾಯಿಲೆ ಇರೋರು ಬ್ಯಾಂಡಿನ ಹಿಂದೆ ಐದು ಮೈಲಿ ನಡೀತಾರಾ ದೊಡ್ಡಮ್ಮ?" ಅವಳಿಗೆ ಚರ್ಚು ಬಿಟ್ಟು ಬೇರೆ ಸಂಗೀತವೆಲ್ಲ ಹೆಂಡದಂಗಡಿ. ನಿಮ್ಮಮ್ಮ ನಿನ್ನನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ಬ್ಯಾಂಡಿನ ಹಿಂದೆ ಕುಣಿದವಳು ಎಂದೆ. ಮುಖ ಊದಿಸಿಕೊಂಡು ಹೋದಳು.

ನಿನ್ನ ಅಕ್ಕ,
ಸೆಲೆಸ್ಟೀನ್


ಕ್ಯಾಲಿಫೋರ್ನಿಯಾ
12 ಡಿಸೆಂಬರ್ 1965

ಅಕ್ಕಾ,

ಬೈಯಬೇಡ. ದಿನಕ್ಕೆ ಆರು ಸಲ ನುಡಿಸಿದ ಮೇಲೆ ಕೈಗೆ ಇನ್ನೇನೂ ಬೇಡ ಅನ್ನಿಸುತ್ತದೆ.

ತೋಟದ ನಡುವೆ ಅಗೆದು ಮಾಡಿದ ಕೆರೆ ಇದೆ. ಅದರಲ್ಲಿ ನಮ್ಮ ನದಿಯ ಹಬೆದೋಣಿಯಂಥದೇ ಒಂದು ದೋಣಿ. ಅದರ ಮೇಲೆ ನಾವು. ಆದರೆ ನೀರಿನಡಿ ರೈಲಿನಂತೆ ಹಳಿ ಹಾಕಿದ್ದಾರೆ. ದೋಣಿ ಎಡಕ್ಕೂ ಹೋಗದು, ಬಲಕ್ಕೂ ಹೋಗದು. ದಡದಲ್ಲಿ ನಮ್ಮೂರ ಬೀದಿಯನ್ನೇ ಕಟ್ಟಿದ್ದಾರೆ, ಬಾಲ್ಕನಿ ಸಮೇತ. ಬಾಗಿಲು ಮಾತ್ರ ಒಂದೂ ತೆರೆಯುವುದಿಲ್ಲ, ಎಲ್ಲ ಬಣ್ಣದಲ್ಲಿ ಬರೆದದ್ದು. ಮೊದಲ ದಿನ ಪರ್ಸಿ ಒಂದನ್ನು ತಳ್ಳಲು ಹೋಗಿ ಮೂಗು ಜಜ್ಜಿಕೊಂಡ. ಪರ್ಸಿ ಗೋದೆ ನಿನಗೆ ಗೊತ್ತಲ್ಲ, ಬ್ಯಾಂಜೋ ನುಡಿಸುವವನು, ಐದು ಮಕ್ಕಳ ತಂದೆ. ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೇವೆ.

ಒಟ್ಟು ನಾಲ್ವರು, ನಾಲ್ವರಿಗೂ ಸೇರಿ ಒಂದೇ ಕರಾರು. ಒಬ್ಬ ಬಿಟ್ಟರೆ ಎಲ್ಲರದೂ ಮುಗಿಯಿತು. ಪಟ್ಟೆಪಟ್ಟೆ ಕೋಟು, ಹುಲ್ಲಿನ ಟೋಪಿ. ಏಳು ಹಾಡು, ಇಪ್ಪತ್ತು ನಿಮಿಷ. ದೋಣಿ ಒಂದು ಸುತ್ತು ಬರುವಷ್ಟರಲ್ಲಿ ಮುಗಿಯಬೇಕು. ಮ್ಯಾನೇಜರ್ ಲಿಂಡ್‌ಗ್ರೆನ್ ಅಂತ, ಒಳ್ಳೆಯ ಮನುಷ್ಯ. ಮೊನ್ನೆ ಕೇಳಿದೆ:

"ಸಾರ್, ಐದನೇದು ಬದಲಾಯಿಸ್ಲಾ? ಇದಕ್ಕಿಂತ ಹಳೇದು ಒಂದು ಗೊತ್ತು."

"ಬೇಡ ಎವರಿಸ್ಟ್. ನಿನ್ನೆ ಹೇಗಿತ್ತೋ ಹಾಗೇ ಇರ್ಲಿ, ಜನಕ್ಕೆ ಅದೇ ಬೇಕು. ಮತ್ತೆ ಸ್ವಲ್ಪ ನಗಪ್ಪ. ಹಲ್ಲು ಕಾಣ್ಬೇಕು."

ನಿನ್ನೆ ಇದ್ದ ಹಾಗೇ ಇವತ್ತೂ ಇರುವುದು ಎಷ್ಟು ಕಷ್ಟ ಎಂದು ಈಗ ತಿಳಿಯುತ್ತಿದೆ ಅಕ್ಕಾ.

ನಮ್ಮೂರ ಪದ್ಧತಿ ಬಿಡಬಾರದೆಂದು ಸೋಮವಾರ ಪರ್ಸಿ ಕೆಂಪು ಕಾಳು ಬೇಯಿಸಿದ. ಮೂರು ಗಂಟೆ ಆದರೂ ಬೇಯಲಿಲ್ಲ. ಈ ಊರಿನ ಕಾಳಿಗೂ ತಾಳ ಗೊತ್ತಿಲ್ಲ ಎಂದು ಬೈದುಕೊಂಡೇ ಅನ್ನಕ್ಕೆ ಸುರಿದ.

ಕಾಲಿನ ಗಾಯ ಹೇಗಿದೆ?

ಎವರಿಸ್ಟ್


ನ್ಯೂ ಆರ್ಲಿಯನ್ಸ್
2 ಜನವರಿ 1966

ತಮ್ಮಾ,

ಏಳು ಹಾಡು ಅಂತ ಗೊಣಗುತ್ತೀಯಲ್ಲ, ನಾಚಿಕೆ ಆಗಬೇಕು.

ನನಗೆ ಎಂಟು ವರ್ಷ. ನಮ್ಮ ಬೀದಿಯಲ್ಲಿ ಒಂದು ಶವಯಾತ್ರೆ ಹೋಯಿತು. ನಾನು ಅದರ ಹಿಂದೆ ಹೋದೆ; ಸತ್ತವರು ಯಾರು ಎಂದೂ ಗೊತ್ತಿರಲಿಲ್ಲ. ಹೋಗುವಾಗ ಅಳಿಸಿದ ಅದೇ ಜನ ಬರುವಾಗ ಕುಣಿಸಿದರು. ಮನೆಗೆ ಬಂದಾಗ ಅಪ್ಪ ಬೆಲ್ಟು ಹಿಡಿದು ನಿಂತಿದ್ದರು. "ಬ್ಯಾಂಡಿನ ಹಿಂದೆ ಹೋಗೋರು ಮರ್ಯಾದಸ್ಥರ ಮನೆ ಹೆಣ್ಮಕ್ಕಳಲ್ಲ" ಎಂದರು. ಮರುವಾರ ಮತ್ತೆ ಹೋದೆ, ಮತ್ತೆ ಹೊಡೆದರು. ಕೊನೆಗೆ ಅಪ್ಪನೇ ಸುಸ್ತಾದರು.

ನಿನಗೆ ಹತ್ತಾದಾಗ ಕ್ಲಾರಿನೆಟ್ ತಂದುಕೊಟ್ಟರು. ನನಗೆ ಸೂಜಿ ಮತ್ತು ದಾರ. ಮೇಷ್ಟ್ರು ನಿನಗೆ ಪಾಠ ಹೇಳುವಾಗ ನಾನು ಬಾಗಿಲ ಹಿಂದೆ ಕೂತು ರವಿಕೆಗೆ ಗುಂಡಿ ಹಚ್ಚುತ್ತಿದ್ದೆ. ಅವರು ಹೋದ ಮೇಲೆ, ಇಲ್ಲಿ ತಪ್ಪಿದೆ, ಅಲ್ಲಿ ಉಸಿರು ಮುರಿದೆ ಎಂದು ಹೇಳಿದವರು ಯಾರು? ನಾನು ಊದಲಿಲ್ಲ. ಈ ಊರಲ್ಲಿ ಊದಿದವರನ್ನೆಲ್ಲ ಕೇಳಿದೆ. ಅಕಿಲ್‌ನ ದೊಡ್ಡಪ್ಪ ಒಂದೇ ಪ್ರಾರ್ಥನಾಗೀತೆಯನ್ನು ಮುನ್ನೂರು ಶವಗಳ ಹಿಂದೆ ನುಡಿಸಿದ್ದನ್ನು ಕೇಳಿದ್ದೇನೆ. ಎರಡು ಸಲ ಒಂದೇ ರೀತಿ ಬರಲಿಲ್ಲ. ಹಾಡು ಏಳೇ ಇದ್ದರೇನು? ಒಳಗೆ ಹೋಗಿ ನೋಡು. ಸಾಕಾಯಿತು ಎಂದು ಇನ್ನೊಮ್ಮೆ ಬರೆದರೆ ನಾನು ಓದುವುದಿಲ್ಲ.

ಕಾಲು ಚೆನ್ನಾಗಿದೆ. ಈ ವಾರ ಚಳಿ ಎಂದು ಹೊರಗೆ ಹೋಗಲಿಲ್ಲ, ಅಷ್ಟೇ.

ಅಕ್ಕ


ಕ್ಯಾಲಿಫೋರ್ನಿಯಾ
20 ಮಾರ್ಚ್ 1966

ಅಕ್ಕಾ,

ನಿನ್ನ ಜನವರಿಯ ಕಾಗದ ಬಂದ ಮೇಲೆ ನಾನು ಬರೆಯುತ್ತಿರುವ ಮೂರನೆಯ ಕಾಗದ ಇದು. ಎರಡಕ್ಕೆ ನಿನ್ನಿಂದ ಉತ್ತರವಿಲ್ಲ. ಗೊಣಗಿದ್ದು ತಪ್ಪಾಯಿತು, ಇನ್ನು ಗೊಣಗುವುದಿಲ್ಲ. ಕೋಪ ಸಾಕು.

ಕ್ಲೇಬೋರ್ನ್ ರಸ್ತೆಯ ಓಕ್ ಮರಗಳನ್ನೆಲ್ಲ ಕಡಿದು ಹಾಕಿದರು, ಅಲ್ಲಿ ಕಂಬದ ಮೇಲೆ ಹೆದ್ದಾರಿ ಬರುತ್ತದೆ ಎಂದು ಪರ್ಸಿಯ ಹೆಂಡತಿ ಬರೆದಿದ್ದಾಳೆ. ನಿಜವೇ? ಮನೆಗೆ ಏನೂ ಆಗಿಲ್ಲ ತಾನೆ? ಒಂದು ಸಾಲು ಬರೆ.

ನಾನು ಚೆನ್ನಾಗಿದ್ದೇನೆ. ಹಲ್ಲು ನೋವಿತ್ತು, ಒಂದೆರಡು ಕೀಳಿಸಿದೆ. ಈಗ ಆರಾಮ. ನೀನು ಹೇಳಿದ ಹಾಗೆ ಹಾಡಿನ ಒಳಗೆ ಹೋಗಿ ನೋಡುತ್ತಿದ್ದೇನೆ. ಜನ ಚಪ್ಪಾಳೆ ತಟ್ಟುತ್ತಾರೆ. ಲಿಂಡ್‌ಗ್ರೆನ್ ಖುಷಿಯಾಗಿದ್ದಾನೆ.

ಎವರಿಸ್ಟ್


ನ್ಯೂ ಆರ್ಲಿಯನ್ಸ್
8 ಮೇ 1966

ಪ್ರೀತಿಯ ತಮ್ಮ,

ಕೋಪವಲ್ಲವೋ ದಡ್ಡಾ. ಹೊಲಿಗೆ ಜಾಸ್ತಿ ಇತ್ತು.

ಮರ ಕಡಿದದ್ದು ನಿಜ. ಹೆದ್ದಾರಿ ನಮ್ಮ ಮನೆಯನ್ನು ಮುಟ್ಟುವುದಿಲ್ಲವಂತೆ, ಅದರ ಚಿಂತೆ ನಿನಗೆ ಬೇಡ. ಒಂದು ವಿಷಯ: ಇನ್ನು ಮೇಲೆ ಕಾಗದಗಳನ್ನು ವರ್ನಾಳ ವಿಳಾಸಕ್ಕೆ ಹಾಕು. ನಮ್ಮ ಬೀದಿಗೆ ಹೊಸ ಅಂಚೆಯವನು ಬಂದಿದ್ದಾನೆ, ಅರ್ಧ ಕಾಗದ ಕಳೆದುಹಾಕುತ್ತಾನೆ.

ಬ್ಯಾಂಡಿನ ಸುದ್ದಿ ಈ ಸಲ ಹೆಚ್ಚೇನಿಲ್ಲ. ನಿನ್ನ ಸುದ್ದಿಯೇ ಬರೆ. ದಿನಾ ಏನು ನುಡಿಸಿದೆ, ಯಾವುದು ಚೆನ್ನಾಗಿ ಬಂತು, ಎಲ್ಲಿ ಜನ ತಿರುಗಿ ನೋಡಿದರು, ಎಲ್ಲ ಬರೆ. ಒಂದೊಂದು ಸ್ವರವನ್ನೂ ಬಿಡದೆ ಬರೆ. ಓದಲು ನನಗೆ ಹೊತ್ತಿದೆ.

ಅಕ್ಕ


ಕ್ಯಾಲಿಫೋರ್ನಿಯಾ
14 ಆಗಸ್ಟ್ 1966

ಅಕ್ಕಾ,

ಇದರ ಜೊತೆ ಒಂದು ರೆಕಾರ್ಡು ಕಳಿಸಿದ್ದೇನೆ. ಬಂದವರು ನೆನಪಿಗೆ ಕೊಂಡುಹೋಗಲಿ ಎಂದು ತೋಟದವರೇ ಮಾಡಿಸಿದ್ದು. ಏಳು ಹಾಡೂ ಇವೆ. ಹೊದಿಕೆಯ ಮೇಲೆ ನಮ್ಮ ಚಿತ್ರ. ಬಲಗಡೆ ನಗುತ್ತ ನಿಂತಿರುವವನೇ ನಿನ್ನ ತಮ್ಮ.

ಲಿಂಡ್‌ಗ್ರೆನ್ ಇನ್ನೂ ಮೂರು ವರ್ಷದ ಕರಾರು ತಂದಿದ್ದಾನೆ. ನಾಲ್ವರೂ ರುಜು ಹಾಕಬೇಕು. ಪರ್ಸಿ ತಯಾರು. ಉಳಿದಿಬ್ಬರೂ ತಯಾರು. ನನ್ನೊಬ್ಬನಿಗಾಗಿ ಅಕ್ಟೋಬರ್ ಒಂದರವರೆಗೆ ಕಾಯುತ್ತಾರಂತೆ. ನೀನು ಹೇಳಿದ ಹಾಗೆ ಮಾಡುತ್ತೇನೆ. ಬಾ ಎಂದರೆ ಬರುತ್ತೇನೆ. ಮಹಡಿಯ ಕೋಣೆ ಹೇಗೂ ಇದೆಯಲ್ಲ.

ರೆಕಾರ್ಡು ಹೇಗಿದೆ, ಬರೆ.

ಎವರಿಸ್ಟ್


ನ್ಯೂ ಆರ್ಲಿಯನ್ಸ್
11 ಸೆಪ್ಟೆಂಬರ್ 1966

ಪ್ರೀತಿಯ ತಮ್ಮ,

ರೆಕಾರ್ಡು ಬಂತು. ಕೇಳಿದೆ. ಚೆನ್ನಾಗಿದೆ.

ಕರಾರಿಗೆ ರುಜು ಹಾಕು. ಒಳ್ಳೆಯ ಕೆಲಸ. ಇಲ್ಲಿಗೆ ಬಂದು ಮಾಡುವುದೇನೂ ಇಲ್ಲ.

ಅಕ್ಕ


ಕ್ಯಾಲಿಫೋರ್ನಿಯಾ
2 ಅಕ್ಟೋಬರ್ 1966

ಅಕ್ಕಾ,

ನಿನ್ನೆ ರುಜು ಹಾಕಿದೆ. 1969ರ ಅಕ್ಟೋಬರ್ ತನಕ.

ಒಂದು ಮಾತು ಕೇಳುತ್ತೇನೆ. ನನಗೆ ಐವತ್ತೊಂಬತ್ತು ವರ್ಷ. ನಾನು ಊದಿದ್ದರಲ್ಲಿ ತಪ್ಪು ಹುಡುಕದೆ ನೀನು ಒಂದು ದಿನವೂ ಬಿಟ್ಟವಳಲ್ಲ. ನಮ್ಮ ಜೋಸೆಫೀನಳ ಮದುವೆಯ ದಿನ ನುಡಿಸಿದಾಗಲೂ ಎರಡನೆಯ ಸಾಲು ಅವಸರವಾಯಿತು ಎಂದಿದ್ದೆ. ಈಗ ಇಡೀ ರೆಕಾರ್ಡಿಗೆ 'ಚೆನ್ನಾಗಿದೆ' ಎಂಬ ಒಂದು ಮಾತು. ಅಷ್ಟೇನಾ? ಬಾ ಎನ್ನುತ್ತೀಯೇನೋ ಎಂದು ಆ ಕಾಗದವನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದೆ.

ಎವರಿಸ್ಟ್


ನ್ಯೂ ಆರ್ಲಿಯನ್ಸ್
30 ಅಕ್ಟೋಬರ್ 1966

ಎವರಿಸ್ಟ್,

ಆ ರೆಕಾರ್ಡಿನಲ್ಲಿ ಊದಿದವನು ಯಾರು?

ನೀನಲ್ಲ. ಹನ್ನೊಂದು ಸಲ ಕೇಳಿದ್ದೇನೆ. ಮೊದಲ ಸಲ ನಾಲ್ಕು ಸ್ವರ ಆಗುವಷ್ಟರಲ್ಲೇ ತಿಳಿಯಿತು. ಅವನು ಸಾಲು ಮುಗಿಸಿ, ತುಂಬಾ ವಿನಯದಿಂದ, ಉಸಿರು ತೆಗೆದುಕೊಳ್ಳುತ್ತಾನೆ. ನೀನು ಸಾಲು ಮುಗಿಯುವ ಮೊದಲೇ, ಬಾಗಿಲಲ್ಲಿ ಒಂದು ಕಾಲಿಟ್ಟು ಏನೋ ನೆನಪಾದವನ ಹಾಗೆ ನಿಂತು ಉಸಿರು ತೆಗೆದುಕೊಳ್ಳುತ್ತೀಯ. ಹತ್ತನೆಯ ವಯಸ್ಸಿನಿಂದ ಅದು ತಪ್ಪು ಎಂದು ಬೈದಿದ್ದೇನೆ. ನೀನು ತಿದ್ದಿಕೊಳ್ಳಲಿಲ್ಲ. ಆಮೇಲೆ ಅದಕ್ಕಾಗಿಯೇ ಕಾಯುತ್ತಿದ್ದೆ. ಅದನ್ನು ಮಾತ್ರ ನಿನಗೆ ಹೇಳಿರಲಿಲ್ಲ.

ಗೊತ್ತಾದರೂ ಚೆನ್ನಾಗಿದೆ ಎಂದು ಬರೆದೆ. ಯಾಕೆಂದರೆ ನಿಜ ಹೇಳಿದ್ದರೆ ನೀನು ವಾಪಸು ಬರುತ್ತಿದ್ದೆ. ಬರಲು ಇಲ್ಲಿ ಮನೆಯಿಲ್ಲ.

ಎಲ್ಲ ಹೇಳಿಬಿಡುತ್ತೇನೆ. ಬೂಟು ಕಚ್ಚಿದ ಗಾಯ ವಾಸಿಯಾಗಲಿಲ್ಲ. ನಾನು ಬಟ್ಟೆ ಸುತ್ತಿಕೊಂಡು ಇನ್ನೂ ಎರಡು ಶವಯಾತ್ರೆಗೆ ಹೋದೆ. ಜನವರಿ ಕೊನೆಯಲ್ಲಿ ಎಡಗಾಲನ್ನು ಮಂಡಿಯ ಕೆಳಗೆ ತೆಗೆದರು. ಆಸ್ಪತ್ರೆಯಿಂದ ಬರುವಷ್ಟರಲ್ಲಿ ಕ್ಲೇಬೋರ್ನ್ ರಸ್ತೆಯಲ್ಲಿ ಮರಗಳಿರಲಿಲ್ಲ. ರಸ್ತೆ ಬೋಳಾಗಿತ್ತು, ನಮ್ಮ ಮನೆ ಯಾವುದೆಂದು ನನಗೇ ಒಂದು ಕ್ಷಣ ತಿಳಿಯಲಿಲ್ಲ. ಏಪ್ರಿಲಿನಲ್ಲಿ ಹೆದ್ದಾರಿಗಾಗಿ ಮನೆಯನ್ನೂ ಕೆಡವಿದರು. ನಿನ್ನ ಹಾಸಿಗೆಯನ್ನು ಮಾತ್ರ ಉಳಿಸಿಕೊಳ್ಳಲು ಒದ್ದಾಡಿದೆ, ಆಗಲಿಲ್ಲ, ಮಳೆಗೆ ನೆನೆಯಿತು.

ಈಗ ವರ್ನಾಳ ಮನೆಯಲ್ಲಿದ್ದೇನೆ. ಸರ್ಕಾರಿ ಕಟ್ಟಡ, ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಮೇಲೆ ಹತ್ತಿಸಿದ ಮೇಲೆ ಕೆಳಗೆ ಇಳಿದಿಲ್ಲ. ಈ ಕಡೆ ಬ್ಯಾಂಡು ಬರುವುದಿಲ್ಲ. ಒಮ್ಮೆ ಗಾಳಿ ತಿರುಗಿದಾಗ ದೊಡ್ಡ ಡ್ರಮ್ಮಿನ ಸದ್ದು ಕೇಳಿದಂತಾಯಿತು. ಕಿಟಕಿಗೆ ಕಿವಿ ಇಟ್ಟೆ. ಪಕ್ಕದ ಮನೆಯವರು ಕಾರ್ಪೆಟ್ ಬಡಿಯುತ್ತಿದ್ದರು.

ವರ್ನಾ ಕೆಟ್ಟವಳಲ್ಲ, ನನ್ನನ್ನು ಮಗುವಿನ ಹಾಗೆ ನೋಡಿಕೊಳ್ಳುತ್ತಾಳೆ. ಆದರೆ ಅವಳಿರುವಾಗ ಮನೆಯಲ್ಲಿ ಜಾಜ್ ಹಾಕುವಂತಿಲ್ಲ. ಬುಧವಾರ ಸಂಜೆ ಅವಳು ಪ್ರಾರ್ಥನಾಸಭೆಗೆ ಹೋಗುತ್ತಾಳೆ. ನನ್ನದು ಆ ಒಂದೂವರೆ ಗಂಟೆ. ಅದರಲ್ಲಿ ಅಪರಿಚಿತನೊಬ್ಬ ನಿನ್ನ ಹೆಸರಿನಲ್ಲಿ ಊದುವುದನ್ನು ಕೇಳುತ್ತ ಕೂತಿದ್ದೇನೆ.

ನೀನು ರುಜು ಹಾಕಿಬಿಟ್ಟೆ. ನಾನೇ ಹಾಕಿಸಿದೆ. ಈಗಲಾದರೂ ಹೇಳು, ಅವನು ಯಾರು? ನಿನಗೇನಾಗಿದೆ?

ಸೆಲೆಸ್ಟೀನ್


ಕ್ಯಾಲಿಫೋರ್ನಿಯಾ
27 ನವೆಂಬರ್ 1966

ಅಕ್ಕಾ,

ನಿನ್ನ ಕಾಗದವನ್ನು ದೋಣಿಯ ಹಿಂಬದಿಯಲ್ಲಿ ನಿಂತು ಓದಿದೆ. ಆಮೇಲೆ ನಾಲ್ಕನೆಯ ಆಟಕ್ಕೆ ಹೋಗಿ ನಕ್ಕೆ. ಹೇಗೆ ನಕ್ಕೆನೋ ಗೊತ್ತಿಲ್ಲ. ನಿನ್ನ ಕಾಲು ಹೋಗಿ ಹತ್ತು ತಿಂಗಳು. ನಾನು ಚಪ್ಪಾಳೆಯ ಸುದ್ದಿ ಬರೆದುಕೊಂಡು ಕೂತಿದ್ದೇನೆ.

ಅವನ ಹೆಸರು ಡೇಲ್. ಸ್ಟುಡಿಯೋದಲ್ಲಿ ಕೂತು ಯಾವ ಸಂಗೀತ ಬೇಕಾದರೂ ನುಡಿಸುವವನು. ಮುಖ ಕೂಡ ನಾನು ಒಂದೇ ಸಲ ನೋಡಿದ್ದು.

ಮಾರ್ಚಿನಲ್ಲಿ ಒಂದೆರಡು ಹಲ್ಲು ಎಂದು ಬರೆದಿದ್ದೆ. ಒಂದೆರಡಲ್ಲ, ಮೇಲಿನವು ಅಷ್ಟೂ ಹೋದವು, ವಸಡು ಕೊಳೆತಿತ್ತು. ಮೇಲಿನ ಹಲ್ಲು ಊರದೆ ಕ್ಲಾರಿನೆಟ್ ಹಿಡಿಯುವುದು ಹೇಗೆ? ತೋಟದವರೇ ಹಲ್ಲುಸೆಟ್ಟು ಮಾಡಿಸಿಕೊಟ್ಟರು. ಅದನ್ನಿಟ್ಟುಕೊಂಡು ಊದಿದರೆ ಕುದಿಯುವ ಕೆಟಲಿನ ಸದ್ದು. ಕೆಲಸ ಹೋಯಿತು ಎಂದುಕೊಂಡು ಲಿಂಡ್‌ಗ್ರೆನ್ ಹತ್ತಿರ ಹೋದೆ. ಅವನು ನನ್ನ ಹೆಗಲ ಮೇಲೆ ಕೈಯಿಟ್ಟ.

"ಅದಕ್ಯಾಕೆ ತಲೆ ಕೆಡಿಸ್ಕೋತೀಯ? ಟೇಪು ಹಾಕೋಣ. ನೀನು ಬೆರಳಾಡ್ಸು ಸಾಕು. ಹೊಸ ಹಲ್ಲಲ್ಲಿ ನಗು ಎಷ್ಟು ಚೆನ್ನಾಗಿ ಕಾಣ್ತಿದೆ ಗೊತ್ತಾ?"

ಅವನು ವ್ಯಂಗ್ಯಕ್ಕೆ ಹೇಳಲಿಲ್ಲ ಅಕ್ಕಾ. ನಿಜವಾಗಿ ಸಹಾಯ ಮಾಡಿದ್ದೇನೆ ಎಂದುಕೊಂಡಿದ್ದ. ಬೈಯಲು ಒಬ್ಬ ಕೆಟ್ಟವನಾದರೂ ಸಿಕ್ಕಿದ್ದರೆ ಚೆನ್ನಾಗಿತ್ತು.

ಅಂದಿನಿಂದ ಡೇಲ್ ಊದಿದ ಟೇಪಿಗೆ ದಿನಕ್ಕೆ ಆರು ಸಲ ಬೆರಳಾಡಿಸುತ್ತಿದ್ದೇನೆ. ಒಮ್ಮೆ ಬೇಕೆಂದೇ ಬೇರೆ ಹಾಡಿನ ಬೆರಳು ಹಾಕಿದೆ. ಇನ್ನೊಮ್ಮೆ ಬೆರಳನ್ನೇ ಆಡಿಸಲಿಲ್ಲ. ಯಾರೂ ನೋಡಲಿಲ್ಲ. ನೀನಿದ್ದಿದ್ದರೆ ದೋಣಿಯಿಂದ ಕೆರೆಗೆ ತಳ್ಳುತ್ತಿದ್ದೆ.

ನಾನು ಬಿಟ್ಟರೆ ಪರ್ಸಿಯ ಕೆಲಸವೂ ಹೋಗುತ್ತದೆ. ಇನ್ನು ಎರಡು ವರ್ಷ ಹತ್ತು ತಿಂಗಳು. ಬರೋಣವೆಂದರೆ ಎಲ್ಲಿಗೆ? ಬಂದು ಏನು ಮಾಡಲಿ? ನಾನು ಜೀವನದಲ್ಲಿ ನುಡಿಸಿದ್ದು ಒಬ್ಬಳು ಕೇಳುತ್ತಾಳೆ ಎಂದು. ಅವಳ ಮುಂದೆ ಈ ಬಾಯಿ ಇಟ್ಟುಕೊಂಡು ಹೇಗೆ ನಿಲ್ಲಲಿ?

ಎವರಿಸ್ಟ್


ನ್ಯೂ ಆರ್ಲಿಯನ್ಸ್
11 ಡಿಸೆಂಬರ್ 1966

ತಮ್ಮಾ,

ನಿನ್ನ ಕಾಗದ ಓದಿ ಅತ್ತೆ. ಆಮೇಲೆ ಸಿಟ್ಟು ಬಂತು.

ಕೆಟಲಿನ ಸದ್ದು ಎಂದೆಯಲ್ಲ, ಎಷ್ಟು ದಿನ ಊದಿ ನೋಡಿದೆ? ಒಂದು ದಿನ? ಎರಡು ದಿನ? ಕಾಲು ಹೋದ ಮೇಲೆ ಹಾಸಿಗೆಯಿಂದ ಕುರ್ಚಿಗೆ ಬರುವುದಕ್ಕೆ ನನಗೆ ಆರು ವಾರ ಹಿಡಿಯಿತು, ಗೊತ್ತೇ? ಎಷ್ಟು ಸಲ ಬಿದ್ದೆ ಎಂದು ವರ್ನಾಳನ್ನು ಕೇಳು.

ಆ ಹಲ್ಲು ತೆಗೆದಿಡು. ಬರೀ ತುಟಿಯಲ್ಲಿ ಹಿಡಿ. ಮೇಲಿನ ಸ್ವರಕ್ಕೆ ಹೋಗಬೇಡ, ಕೆಳಗಿನವು ನಾಲ್ಕು ಬಂದರೆ ನಾಲ್ಕು. ಒಂದೊಂದನ್ನೂ ಉಸಿರು ಮುಗಿಯುವ ತನಕ ಹಿಡಿ. ಅಸಹ್ಯವಾಗಿದ್ದರೆ ಇರಲಿ. ಚೆಂದವಾಗಿ ಊದುವ ಡೇಲ್ ನನ್ನ ಹತ್ತಿರ ಇದ್ದಾನೆ, ಏಳು ಹಾಡು ಊದುತ್ತಾನೆ. ನನಗೆ ನೀನು ಬೇಕು. ಹೇಗಾದರೂ ಮಾಡಿ ಕೇಳಿಸು.

ಅಲ್ಲಿಯವರೆಗೆ ಕಾಗದ ಬರೆಯಬೇಡ. ನಾನೂ ಬರೆಯುವುದಿಲ್ಲ.

ಸೆಲೆಸ್ಟೀನ್


ಕ್ಯಾಲಿಫೋರ್ನಿಯಾ
26 ಫೆಬ್ರವರಿ 1967

ಅಕ್ಕಾ,

ಹತ್ತು ವಾರ ಆಯಿತು. ನಮ್ಮ ವಠಾರದ ಹಿಂದೆ ಬಟ್ಟೆ ಒಗೆಯುವ ಕೋಣೆಯಿದೆ, ಅಲ್ಲಿ ಊದುತ್ತಿದ್ದೆ. ಪರ್ಸಿ ಮೊದಲು ಕಿವಿಗೆ ಹತ್ತಿ ಇಟ್ಟುಕೊಂಡು ಜೊತೆಗೆ ಕೂರುತ್ತಿದ್ದ. ಆರನೆಯ ವಾರ ಹತ್ತಿ ತೆಗೆದ. ಮರುದಿನ ಬ್ಯಾಂಜೋ ತಂದ.

ತೋಟದ ಬಾಗಿಲ ಹತ್ತಿರ ಒಂದು ಗೂಡಂಗಡಿಯಂಥದು ಇದೆ. ಜನ ಅದರೊಳಗೆ ನಿಂತು ಹುಟ್ಟುಹಬ್ಬದ ಶುಭಾಶಯವನ್ನೆಲ್ಲ ಮಾತಾಡಿ ಸಣ್ಣ ರೆಕಾರ್ಡು ಮಾಡಿಸಿಕೊಳ್ಳುತ್ತಾರೆ. ಮಂಗಳವಾರ ಬೆಳಿಗ್ಗೆ, ಜನ ಬರುವ ಮೊದಲು, ಅದರೊಳಗೆ ಹೋದೆ. ಪರ್ಸಿಗೆ ಜಾಗ ಸಾಲಲಿಲ್ಲ, ಹೊರಗೆ ನಿಂತ. ಲುಬಾನ್ ಮುದುಕನಿಗೆ ನಾನು ನುಡಿಸಬೇಕಾಗಿದ್ದ ಗೀತೆಯನ್ನೇ ನುಡಿಸಿದೆ. ಹಲ್ಲು ಜೇಬಿನಲ್ಲಿತ್ತು. ಇದರ ಜೊತೆ ಕಳಿಸಿದ್ದೇನೆ. ನಾನು ತಿರುಗಿ ಕೇಳಲಿಲ್ಲ, ಧೈರ್ಯ ಬರಲಿಲ್ಲ.

ಅದೇ ದಿನ ಲಿಂಡ್‌ಗ್ರೆನ್ ಹತ್ತಿರ ಹೋದೆ.

"ಸಾರ್, ಇನ್ಮೇಲೆ ಬೆರಳಾಡಿಸಲ್ಲ."

"ಯಾಕಪ್ಪಾ, ಯಾರಾದ್ರೂ ಏನಾದ್ರೂ ಅಂದ್ರಾ?"

"ನಮ್ಮಕ್ಕ ಅಂದ್ಲು."

"ಅಕ್ಕನಾ? ಅವ್ರೆಲ್ಲಿದಾರೆ?"

"ನ್ಯೂ ಆರ್ಲಿಯನ್ಸ್‌ನಲ್ಲಿ."

"ಅಲ್ಲಿಗೆ ಕೇಳ್ಸುತ್ತಾ?"

"ಕೇಳ್ಸುತ್ತೆ ಸಾರ್."

ಕೊನೆಗೆ ಕಾರು ನಿಲ್ಲಿಸುವ ಕಡೆ ಕೆಲಸ ಮಾಡುವ ಒಬ್ಬನಿಗೆ ನನ್ನ ಪಟ್ಟೆಯ ಕೋಟು ಹಾಕಿಸಿದರು. ಜನ್ಮದಲ್ಲಿ ಕ್ಲಾರಿನೆಟ್ ಮುಟ್ಟಿದವನಲ್ಲ, ಮಧ್ಯಾಹ್ನದೊಳಗೆ ಬೆರಳಾಡಿಸುವುದು ಕಲಿತ. ನಾಲ್ವರ ಕರಾರನ್ನು ಅವನ ಹೆಸರು ಸೇರಿಸಿ ಹೊಸದಾಗಿ ಬರೆದರು, ಪರ್ಸಿಗೆ ತೊಂದರೆಯಾಗಲಿಲ್ಲ. ನನ್ನನ್ನು ದೋಣಿ ಹೊರಡುವಾಗ ಗಂಟೆ ಹೊಡೆಯಲು ಹಾಕಿದ್ದಾರೆ. ದಿನಗೂಲಿ. ಗಂಟೆಯನ್ನಾದರೂ ನಾನೇ ಹೊಡೆಯುತ್ತೇನೆ, ಟೇಪಲ್ಲ.

ಇನ್ನು 1969ರ ತನಕ ಹೇಗೋ ಕಳೆಯುತ್ತದೆ.

ಎವರಿಸ್ಟ್


ನ್ಯೂ ಆರ್ಲಿಯನ್ಸ್
19 ಮಾರ್ಚ್ 1967, ಭಾನುವಾರ

ಪ್ರೀತಿಯ ತಮ್ಮ,

ರೆಕಾರ್ಡು ಸೋಮವಾರ ಬಂತು. ಬುಧವಾರದ ತನಕ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ವರ್ನಾ ಚರ್ಚಿಗೆ ಹೋದಳು, ನಾನು ಗಾಲಿಕುರ್ಚಿ ತಳ್ಳಿಕೊಂಡು ಹೋಗಿ ಮುಳ್ಳು ಇಟ್ಟೆ.

ಮೊದಲು ಬೈಗುಳ. ಶುರುವಿನಲ್ಲಿ ಹೆದರಿದ್ದೀಯ, ಗೂಡಿನ ಗೋಡೆಗೆ ಅಂಟಿಕೊಂಡು ಊದಿದಂತಿದೆ. ಎರಡನೆಯ ಸಾಲಿನಲ್ಲಿ ಗಾಳಿ ಸೋರಿತು. ಮೂರನೆಯದರಲ್ಲಿ ಬೇಕಾದ ಸ್ವರ ಸಿಗದೆ ಅದರ ಕೆಳಗಿನದನ್ನು ಹಿಡಿದೆ, ತಪ್ಪು. ಆದರೆ ಬಿಡಲಿಲ್ಲ. ಹಿಡಿದುಕೊಂಡೇ ಇದ್ದೆ, ಹಿಡಿದುಕೊಂಡೇ ಇದ್ದೆ, ಕೊನೆಗೆ ಆ ಹಾಡಿನಲ್ಲಿ ಮೊದಲಿನಿಂದಲೂ ಇದ್ದದ್ದು ಅದೇ ಸ್ವರ ಅನ್ನಿಸಿತು. ಐವತ್ತೆಂಟು ವರ್ಷದಿಂದ ಈ ಗೀತೆ ಕೇಳುತ್ತಿದ್ದೇನೆ ಎವರಿಸ್ಟ್. ಇದು ಅಷ್ಟು ಮುದಿಯಾದದ್ದು ಎಂದು ನನಗೆ ಗೊತ್ತಿರಲಿಲ್ಲ.

ತಿರುಗಿ ನೋಡಿದರೆ ವರ್ನಾ ಬಾಗಿಲಲ್ಲಿ. ಕನ್ನಡಕ ಮರೆತಳಂತೆ, ತೆಗೆದುಕೊಂಡು ಹೋಗಲು ಬಂದಿದ್ದಳು.

"ಯಾರು ದೊಡ್ಡಮ್ಮ, ಹೀಗೆ ಊದ್ತಿರೋದು?"

"ನಿನ್ನ ಮಾವ."

"ಹುಷಾರಿಲ್ವಾ ಅವ್ರಿಗೆ?"

"ಇಲ್ಲ."

ಅವಳು ಕೂರಲಿಲ್ಲ, ಚೀಲ ಹೆಗಲಿನಲ್ಲೇ ಇತ್ತು. ಮುಗಿಯುವ ತನಕ ನಿಂತಳು. ಆಮೇಲೆ "ಪ್ರಾರ್ಥನೆಗೆ ಹೊತ್ತಾಯ್ತು" ಎಂದಳು. ಎಂದಳೇ ಹೊರತು ಹೋಗಲಿಲ್ಲ. ಒಳಗೆ ಹೋಗಿ ಗಂಬೋ ಸಾರಿಗೆ ಈರುಳ್ಳಿ ಹೆಚ್ಚತೊಡಗಿದಳು. ಆ ರಾತ್ರಿಯ ಊಟಕ್ಕೆ ಬೇಕಾದ್ದಕ್ಕಿಂತ ತುಂಬ ಜಾಸ್ತಿ ಹೆಚ್ಚಿದಳು.

ಮರುದಿನ ಅವಳೇ ಅಕಿಲ್‌ಗೆ ಹೇಳಿಕಳಿಸಿದ್ದಾಳೆ, ನನಗೆ ಗೊತ್ತೇ ಇಲ್ಲ. ಶನಿವಾರ ಅವನು ಮೂರು ಮಹಡಿ ಹತ್ತಿಕೊಂಡು ಬಂದ. ಹತ್ತು ನಿಮಿಷ ಮಾತಾಡಲು ಉಸಿರಿರಲಿಲ್ಲ. "ನಿನ್ ನೋಡೋದಕ್ಕಿಂತ ಸಾಯೋದೇ ಸುಲಭ ಮಾರಾಯ್ತಿ" ಎಂದ. ರೆಕಾರ್ಡು ಹಾಕಿದೆ. ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು ಕೇಳಿದ.

"ಬರೋವಾಗಿನ ಕುಣಿತದ ಹಾಡಿಗೆ ಇವ್ನು ಆಗಲ್ಲ. ಅದಕ್ಕೆ ಹೊಸಬ ಇದಾನೆ. ಹೋಗೋವಾಗ ಊದ್ಲಿ. ಹೆಣದ ಹಿಂದೆ ಇಂಥ ಸ್ವರ ಯಾವನ ಹತ್ರಾನೂ ಇಲ್ಲ."

"ಅವ್ನು ಕರಾರಲ್ಲಿ ಸಿಕ್ಕಾಕೊಂಡಿದಾನೆ ಅಕಿಲ್" ಎಂದೆ.

ವರ್ನಾ ಶಾಲೆಯ ಕಚೇರಿಯಲ್ಲಿ ಟೈಪಿಸ್ಟು, ಕಾಗದಪತ್ರ ಓದುವುದು ಅವಳ ಕೆಲಸ. ನಿನ್ನ ಪತ್ರ ಇಸಿದುಕೊಂಡು ಎರಡು ಸಲ ಓದಿದಳು. ಓದಿ ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿ ವರ್ಷವಾಗಿತ್ತು. "ಮಾವನ ಹೆಸರು ಆ ಕರಾರಲ್ಲಿ ಎಲ್ಲಿದೆ ದೊಡ್ಡಮ್ಮ? ಅವರ ಜಾಗಕ್ಕೆ ಬೇರೆಯವನನ್ನ ಬರ್ಕೊಂಡಾಯ್ತಲ್ಲ. ಇವರು ದಿನಗೂಲಿ. ನಾಳೆ ಬೆಳಿಗ್ಗೆ ಗಂಟೆ ಹೊಡೀದೆ ಎದ್ದು ಬಂದ್ರೂ ಕೇಳೋರಿಲ್ಲ."

ಕೇಳಿಸಿತೇ ಎವರಿಸ್ಟ್? ಒಂದು ತಿಂಗಳಿಂದ ನಿನ್ನನ್ನು ಯಾರೂ ಹಿಡಿದುಕೊಂಡಿಲ್ಲ. ಆದರೂ 1969ರ ತನಕ ಎಂದು ಬರೆದಿದ್ದೀಯ. ಅಲ್ಲಿ ನಿನ್ನನ್ನು ಕೂರಿಸಿರುವುದು ಅಕ್ಕ ಏನನ್ನುತ್ತಾಳೋ ಎಂಬ ಅಂಜಿಕೆ. ನಾನು ಅನ್ನಬೇಕಾದದ್ದನ್ನೆಲ್ಲ ಮೇಲೆ ಅಂದಾಯಿತು.

ಇಲ್ಲಿ ಕೋಣೆಯಿಲ್ಲ. ನನಗೆ ಕಾಲು ಬರುವುದಿಲ್ಲ, ನಿನಗೆ ಹಲ್ಲು ಬರುವುದಿಲ್ಲ. ಕೆಳಗಿಳಿಸಲು ಜನ ಸಿಕ್ಕರೆ ನಿನ್ನ ಹಿಂದೆ ಬರುತ್ತೇನೆ, ಸಿಗದಿದ್ದರೆ ಈ ಕಿಟಕಿಯಲ್ಲೇ ಇರುತ್ತೇನೆ. ನೀನು ಬಂದು ಏನು ನುಡಿಸಿದೆ ಎಂದು ಹೇಳಬೇಕು, ಸುಳ್ಳು ಹೇಳಿದರೆ ನನಗೆ ಗೊತ್ತಾಗುತ್ತದೆ. ಭಾನುವಾರ ಬೆಳಿಗ್ಗೆ ಮನೆಯಲ್ಲಿ ಊದುವಂತಿಲ್ಲ, ಇದು ವರ್ನಾಳ ಷರತ್ತು. ಇವತ್ತು ಅವಳು ನನ್ನ ಹೊಲಿಗೆಯ ಟೇಪು ತೆಗೆದುಕೊಂಡು ಅಡುಗೆಮನೆ ಅಳೆದಳು. ಒಲೆಗೂ ಗೋಡೆಗೂ ನಡುವೆ ಐದೂವರೆ ಅಡಿ ಮಂಚ ಹಿಡಿಯುತ್ತದೆ. ನೀನು ಆರಡಿ ಇದ್ದೀಯ. ಕಾಲು ಹೊರಗೆ ಬರುತ್ತದೆ, ಬೆಳಿಗ್ಗೆ ಕಾಫಿ ಕಾಸುವವರು ಎಡವುತ್ತಾರೆ.

ಬಾ.

ಸೆಲೆಸ್ಟೀನ್